ನಾವು ಕಾಣುವ ಮುನ್ನವೇ ನಮ್ಮನ್ನು ಅರಿತ ಮೀನು

ಮಾಲ್ಡೀವ್ಸ್ ದ್ವೀಪಗಳಿಗೆ ವಿಹಾರಾರ್ಥವಾಗಿ ಹೋಗಿ, ಗಾಜಿನ ಮುಖಗವಸನ್ನು ಕಟ್ಟಿಕೊಂಡು, ಸ್ನಾರ್ಕೆಲ್ ಕೊಳವೆಯನ್ನು ಬಾಯಲ್ಲಿ ಕಚ್ಚಿ, ದಡಕ್ಕೂ ಹವಳದ ದಿಬ್ಬಕ್ಕೂ ನಡುವೆ ತಿಳಿಯಾಗಿ ನಿಂತಿರುವ ಎದೆಮಟ್ಟದ ನೀರಿನಲ್ಲಿ ಬೋರಲಾಗಿ ತೇಲತೊಡಗಿದವರಲ್ಲಿ ಬಹುಮಂದಿಗೆ, ಬಣ್ಣಬಣ್ಣದ ಮೀನುಗಳ ಸಡಗರವನ್ನು ನೋಡುತ್ತ ಮೈಮರೆತಿರುವ ಹೊತ್ತಿನಲ್ಲಿ, ಒಂದು ಶಾರ್ಕಿನ ದರ್ಶನವಾಗುವುದುಂಟು. ಮೈ ಕಂದುಮಿಶ್ರಿತ ಬೂದು; ಹೊಟ್ಟೆ ಬಿಳುಪು; ಬೆನ್ನಿನ ಈಜುರೆಕ್ಕೆಯ ತುದಿ ಅಚ್ಚಗಪ್ಪು, ಆ ಕಪ್ಪಿನ ಕೆಳಗೆ ಅದನ್ನು ಇನ್ನಷ್ಟು ಎತ್ತಿ ತೋರುವ ಒಂದು ಬೆಳ್ಳನೆಯ ಪಟ್ಟಿ. ಇದೇ ಕರಿತುದಿಯ ಶಾರ್ಕ್. 'ಯುರಾನಿ' ಎಂಬ ಫ್ರೆಂಚ್ ಹಡಗಿನಲ್ಲಿ ಲೋಕಪ್ರದಕ್ಷಿಣೆ ಮಾಡಿದ ಕ್ವಾ ಮತ್ತು ಗೇಮಾರ್ ಎಂಬ ವೈದ್ಯ-ವಿಜ್ಞಾನಿಗಳಿಬ್ಬರು 1824ರಲ್ಲಿ ಇದನ್ನು ಶಾಸ್ತ್ರೀಯವಾಗಿ ವರ್ಣಿಸಿದರು.

ಅದನ್ನು ಕಂಡೊಡನೆ ಎದೆ ಝಲ್ಲೆನ್ನುವುದು ಸಹಜ. ಆ ಭೀತಿಗೆ ಭೌತವಿಜ್ಞಾನದ ಒತ್ತಾಸೆಯೂ ಸ್ವಲ್ಪಮಟ್ಟಿಗೆ ಇರುವುದನ್ನು ಅನೇಕರು ತಿಳಿಯರು. ನೀರಿನಿಂದ ಹೊರಟ ಬೆಳಕು ಮುಖಗವಸಿನ ಚಪ್ಪಟೆ ಗಾಜನ್ನು ಹಾಯ್ದು ಒಳಗಣ ಗಾಳಿಯನ್ನು ಹೊಕ್ಕಾಗ ವಕ್ರೀಭವನಕ್ಕೆ ಒಳಗಾಗುವುದರಿಂದ, ಎದುರಿನ ವಸ್ತು ಇರುವುದಕ್ಕಿಂತ ನಾಲ್ಕರಲ್ಲೊಂದು ಪಾಲು ಹತ್ತಿರದಲ್ಲಿಯೂ, ಸುಮಾರು ಮೂರರಲ್ಲೊಂದು ಪಾಲು ಹೆಚ್ಚು ದೊಡ್ಡದಾಗಿಯೂ ತೋರುತ್ತದೆ. ನಾಲ್ಕೂವರೆ ಅಡಿಯ ಮೀನು ಆರು ಅಡಿಯದಾಗಿ ಕಾಣುವುದು; ಹನ್ನೆರಡು ಅಡಿ ದೂರದಲ್ಲಿರುವುದು ಒಂಬತ್ತೇ ಅಡಿಯಲ್ಲಿದೆಯೆಂದು ಭಾಸವಾಗುವುದು. ದಡಕ್ಕೆ ಮರಳಿದವರು ಶಾರ್ಕಿನ ಗಾತ್ರವನ್ನು ಹೆಚ್ಚಿಸಿ ಹೇಳಿದರೆ ಅದನ್ನು ಉತ್ಪ್ರೇಕ್ಷೆಯೆನ್ನಲಾಗದು. ಅವರ ಕಣ್ಣಿಗೆ ಅದು ಹಾಗೆಯೇ ಕಂಡಿರುತ್ತದೆ.

ಆದರೆ ಈ ಭೇಟಿಯನ್ನು ನಾವು ಸದಾ ನಮ್ಮ ಕಡೆಯಿಂದಲೇ ನೋಡುವೆವಲ್ಲದೆ ಆ ಪ್ರಾಣಿಯ ಕಡೆಯಿಂದ ನೋಡುವುದಿಲ್ಲ. ನಮ್ಮ ಪಾಲಿಗೆ ಅದು ಥಟ್ಟನೆ ಪ್ರತ್ಯಕ್ಷವಾದ ಅತಿಥಿ. ಅದರ ಪಾಲಿಗಾದರೋ ನಾವು ಬಹಳ ಹೊತ್ತಿನಿಂದ ಪರಿಚಿತರು. ನಾವು ದಡದಲ್ಲಿ ಕುಳಿತು ಕಾಲಿಗೆ ರಬ್ಬರಿನ ಈಜುಪಾದಗಳನ್ನು ತೊಡಿಸಿಕೊಂಡು ನೀರಿಗಿಳಿದ ಗಳಿಗೆಯಿಂದಲೂ ಅದು ನಮ್ಮ ವಿಷಯವಾಗಿ ಒಂದೊಂದೇ ಸಮಾಚಾರವನ್ನು ಸಂಗ್ರಹಿಸುತ್ತಲೇ ಇರುತ್ತದೆ. ಆ ಸಂಗ್ರಹದ ಕ್ರಮವನ್ನು ಅರಿತರೆ, ಎರಡು ಸುತ್ತು ಹಾಕಿ ಅದು ತಿರುಗಿ ಹೋಗುವುದೇಕೆಂಬುದು ತಾನಾಗಿ ವಿಶದವಾಗುತ್ತದೆ.

ಮೊದಲು ತಲುಪುವುದು ಶಬ್ದ. ನೀರಿನಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 1500 ಮೀಟರಿನಂತೆ, ಎಂದರೆ ಗಾಳಿಯಲ್ಲಿರುವುದರ ನಾಲ್ಕು ಪಟ್ಟಿಗೂ ಮಿಗಿಲಾದ ವೇಗದಲ್ಲಿ ಸಾಗುವುದರಿಂದ, ಎಡಗಿವಿಗೂ ಬಲಗಿವಿಗೂ ಅದು ತಲುಪುವ ಕಾಲಾಂತರವು ತೀರ ಅಲ್ಪವಾಗಿ, ಮುಳುಗಿದ ಮನುಷ್ಯನಿಗೆ ದನಿ ಬಂದ ದಿಕ್ಕೇ ತಿಳಿಯದು. ಶಾರ್ಕಿಗೆ ಇಂತಹ ಗೊಂದಲವಿಲ್ಲ. ಅದಕ್ಕೆ ಹೊರಗಿವಿಯಿಲ್ಲ, ತಲೆಯ ಮೇಲೆ ಎರಡು ಸೂಕ್ಷ್ಮ ರಂಧ್ರಗಳು ಮಾತ್ರ ಇದ್ದು, ಅವು ಒಳಗಿವಿಗೆ ದಾರಿಯಾಗಿವೆ. ನೆಲ್ಸನ್ ಮತ್ತು ಗ್ರೂಬರ್ ಎಂಬ ವಿಜ್ಞಾನಿಗಳು 1963ರಲ್ಲಿ ಸಮುದ್ರದೊಳಗೆ ಧ್ವನಿವರ್ಧಕವನ್ನು ಇಳಿಬಿಟ್ಟು, ಮಂದ್ರ ಶ್ರುತಿಯ, ಬಿಟ್ಟುಬಿಟ್ಟು ಬರುವ ಶಬ್ದವನ್ನು ಹೊರಡಿಸಿದಾಗ ಶಾರ್ಕುಗಳು ಅದನ್ನೇ ಅರಸಿಕೊಂಡು ಬಂದುವೆಂದು ವರದಿ ಮಾಡಿದರು. ಗಾಯಗೊಂಡ ಮೀನಿನ ಒದ್ದಾಟವೂ ಇದೇ ಜಾತಿಯ ಶಬ್ದವಾದುದರಿಂದ, ಈಜು ಚೆನ್ನಾಗಿ ಬಾರದವನು ಗಾಬರಿಯಿಂದ ಕೈಕಾಲು ಬಡಿಯುವುದು ಶಾರ್ಕನ್ನು ಓಡಿಸುವುದಕ್ಕೆ ಬದಲಾಗಿ ಅದರ ಕುತೂಹಲವನ್ನು ಕೆರಳಿಸುವ ಸಂಭವವೇ ಹೆಚ್ಚು.

ಶಬ್ದದ ತರುವಾಯ ವಾಸನೆ. ಸಾಗರದಲ್ಲಿ ಬಿದ್ದ ಒಂದೇ ಹನಿ ರಕ್ತವನ್ನು ಶಾರ್ಕು ಹರದಾರಿಗಳಾಚೆ ಅರಿಯಬಲ್ಲುದೆಂಬ ಮಾತು ಜನಜನಿತವಾಗಿದ್ದರೂ ಅದು ನಿಜವಲ್ಲ. ವಾಸನೆಯು ನೀರಿನ ಸೆಳವಿನ ಜೊತೆಗೇ ಸಾಗಬೇಕಾಗಿರುವುದರಿಂದ, ಸೆಳವಿನ ಮೇಲ್ಗಡೆ ಇರುವ ಶಾರ್ಕಿಗೆ ನಮ್ಮ ಸುಳಿವು ಎಷ್ಟು ಹೊತ್ತಾದರೂ ಮುಟ್ಟದು. ಅದರ ಹಿರಿಮೆ ಇರುವುದು ಮತ್ತೊಂದು ಕಡೆ. ಒಂದು ಮೂಗಿನ ಹೊಳ್ಳೆಗೂ ಇನ್ನೊಂದಕ್ಕೂ ಗಂಧವು ತಲುಪಿದ ಕಾಲಗಳಲ್ಲಿ ಅರ್ಧ ಸೆಕೆಂಡಿಗಿಂತ ಕಡಮೆ ವ್ಯತ್ಯಾಸವಿದ್ದರೂ ಸರಿಯೆ, ಯಾವ ಹೊಳ್ಳೆಗೆ ಮೊದಲು ಬಂದಿತೋ ಆ ಪಕ್ಕಕ್ಕೆ ಅದು ತಿರುಗಿಕೊಳ್ಳುವುದೆಂದು 2010ರಲ್ಲಿ ಪ್ರಕಟವಾದ ಪ್ರಯೋಗವೊಂದು ಶಾರ್ಕಿನ ಒಂದು ಸಣ್ಣ ಜಾತಿಯಲ್ಲಿ ಸ್ಥಾಪಿಸಿದೆ.

ಇನ್ನೂ ಸಮೀಪಿಸಿದಾಗ ದೇಹದ ಎರಡೂ ಪಕ್ಕಗಳಲ್ಲಿ ತಲೆಯಿಂದ ಬಾಲದವರೆಗೆ ಸಾಗಿರುವ ಪಾರ್ಶ್ವರೇಖೆ ಎಂಬ ಅಂಗವು, ನಮ್ಮ ಕಾಲಿನ ಒಂದೊಂದು ಬೀಸಿನಿಂದ ನೀರಿನಲ್ಲಿ ಎದ್ದ ಅಲುಗಾಟವನ್ನು ಗ್ರಹಿಸುತ್ತದೆ. ಅನಂತರದ್ದು ಕಣ್ಣಿನ ಕೆಲಸ. ಶಾರ್ಕಿನ ಅಕ್ಷಿಪಟಲದ ಹಿಂದೆ ಕನ್ನಡಿಯಂತಹ ಒಂದು ಪದರವಿದ್ದು, ಒಮ್ಮೆ ಹಾಯ್ದು ಹೋದ ಬೆಳಕನ್ನು ಅದು ಮತ್ತೆ ಹಿಂದಕ್ಕೆ ಕಳುಹಿಸುವುದರಿಂದ ಮಬ್ಬುಗತ್ತಲೆಯಲ್ಲಿಯೂ ಅದಕ್ಕೆ ನೋಟವುಂಟು. ಇರುಳಿನಲ್ಲಿ ಬೆಕ್ಕಿನ ಕಣ್ಣು ಹೊಳೆಯುವುದಕ್ಕೂ ಇಂತಹ ಪದರವೇ ಕಾರಣ. ಆದರೆ ವರ್ಣವಿವೇಚನೆಯಲ್ಲಿ ಮಾತ್ರ ಅದು ಬಡವ. ಆಸ್ಟ್ರೇಲಿಯದ ನೇಥನ್ ಹಾರ್ಟ್ ಮತ್ತು ಸಂಗಡಿಗರು 2011ರಲ್ಲಿ 17 ಜಾತಿಯ ಶಾರ್ಕುಗಳ ಕಣ್ಣುಗಳನ್ನು ಪರೀಕ್ಷಿಸಿದಾಗ, ಬಣ್ಣವನ್ನು ಗುರುತಿಸಲು ಬೇಕಾದ ಶಂಕುಕೋಶಗಳು 10 ಜಾತಿಗಳಲ್ಲಿ ಕಾಣಬರಲೇ ಇಲ್ಲ. ಉಳಿದ ಏಳರಲ್ಲಿ ಒಂದೇ ಒಂದು ಬಗೆಯವು ಇದ್ದುವು. ಬಣ್ಣದ ಭೇದವನ್ನು ಅರಿಯಲು ಕನಿಷ್ಠ ಎರಡು ಬಗೆಯವಾದರೂ ಬೇಕು. ಹವಳದ ಲೋಕದ ಯಾವ ವರ್ಣವೈಭವವನ್ನು ನೋಡಲೆಂದು ನಾವು ಸಾವಿರಾರು ಮೈಲಿ ಹಾರಿ ಬರುವೆವೋ, ಅದರ ನಡುವೆಯೇ ಜೀವಿಸುವ ಇಂತಹ ಶಾರ್ಕುಗಳಿಗೆ ಅದೆಲ್ಲ ಬರಿಯ ಬೆಳಕುನೆರಳುಗಳ ಆಟ.

ಕೊನೆಯದಾದ ಇಂದ್ರಿಯವೇ ಎಲ್ಲಕ್ಕಿಂತ ಅದ್ಭುತವಾದುದು. ಶಾರ್ಕಿನ ಮೂತಿಯನ್ನು ಹತ್ತಿರದಿಂದ ನೋಡಿದರೆ, ಬಾಯಿಯ ಸುತ್ತಮುತ್ತಲೂ ಕಣ್ಣಿನ ಕೆಳಗೂ ಚುಕ್ಕೆಯಿಟ್ಟಂತೆ ನೂರಾರು ರಂಧ್ರಗಳು ಕಾಣುತ್ತವೆ. ಒಂದೊಂದು ರಂಧ್ರವೂ ಲೋಳೆ ತುಂಬಿದ ಸಣ್ಣ ನಾಳದ ಬಾಯಿ; ನಾಳದ ತಳದಲ್ಲಿ ನರಗಳು ಬಂದು ಕೂಡುವ ಒಂದು ಬುರುಡೆ. ಇಟಲಿಯ ಲೊರೆಂಝಿನಿಯು 1678ರಲ್ಲಿಯೇ ಇವನ್ನು ವಿವರವಾಗಿ ವರ್ಣಿಸಿದ್ದರೂ, ಇವುಗಳ ಪ್ರಯೋಜನವೇನೆಂಬುದು ಸುಮಾರು ಮುನ್ನೂರು ವರ್ಷಗಳ ಕಾಲ ಒಗಟಾಗಿಯೇ ಉಳಿಯಿತು. ಅದನ್ನು ಬಿಡಿಸಿದವರಲ್ಲಿ ಪ್ರಮುಖನಾದ ಹಾಲೆಂಡಿನ ಕಾಲ್ಮೈನ್, 1971ರಲ್ಲಿ ಪ್ರಕಟಿಸಿದ ಪ್ರಯೋಗವು ತನ್ನ ಸರಳತೆಯಿಂದಲೇ ಮನೋಹರವಾಗಿದೆ. ಆತನು ಒಂದು ಚಪ್ಪಟೆ ಮೀನನ್ನು ಮರಳಿನಲ್ಲಿ ಹುದುಗಿಸಿ, ಅದರ ಮೇಲೆ ಅಗರ್ ಎಂಬ ಕಡಲಪಾಚಿಯ ಗಂಜಿಯಿಂದ ಮಾಡಿದ ಗೂಡನ್ನು ಮುಚ್ಚಿದನು. ಗೂಡಿನೊಳಗಿನ ನೀರನ್ನು ಕೊಳವೆಯ ಮೂಲಕ ಬೇರೆಡೆಗೆ ಹರಿಸಿದ್ದರಿಂದ ಮೀನಿನ ವಾಸನೆ ಅಲ್ಲಿಂದಲೇ ಹೊರಬೀಳುತ್ತಿತ್ತು. ಆದರೂ ಹಸಿದ ಶಾರ್ಕು ಆ ಕಡೆಗೆ ಹೋಗದೆ, ಮೀನು ಅವಿತಿದ್ದ ಜಾಗಕ್ಕೇ ನೇರವಾಗಿ ಎರಗಿತು. ವಿದ್ಯುತ್ತನ್ನು ತಡೆಯುವ ತೆಳುವಾದ ಪ್ಲಾಸ್ಟಿಕ್ ಹಾಳೆಯೊಂದನ್ನು ಗೂಡಿನ ಮೇಲೆ ಹೊದಿಸಿದಾಗ, ಅದೇ ಶಾರ್ಕು ಮೀನಿನ ಮೇಲೆಯೇ ಈಜಿ ಹೋದರೂ ಅದನ್ನು ಅರಿಯದಾಯಿತು. ಕಟ್ಟಕಡೆಗೆ ಮೀನನ್ನು ತೆಗೆದು, ಕ್ಷೀಣವಾದ ವಿದ್ಯುತ್ತನ್ನು ಸೂಸುವ ಎರಡು ತಂತಿಯ ತುದಿಗಳನ್ನು ಮರಳಿನಲ್ಲಿ ಹೂತಿಟ್ಟಾಗ, ಶಾರ್ಕು ಅವನ್ನೇ ಬೇಟೆಯೆಂದು ಬಗೆದು ಮರಳನ್ನು ಅಗೆಯತೊಡಗಿತು! ಜೀವವಿರುವ ದೇಹವೆಲ್ಲವೂ ತನ್ನ ಸುತ್ತ ನೀರಿನಲ್ಲಿ ವಿದ್ಯುತ್ತಿನ ಒಂದು ಮಂದ ವಲಯವನ್ನು ಹರಡುತ್ತಿರುತ್ತದೆ. ಸೆಂಟಿಮೀಟರಿಗೆ ಒಂದು ವೋಲ್ಟಿನ ಕೋಟಿಯಲ್ಲೊಂದು ಪಾಲಿಗಿಂತ ಕಡಮೆಯಾದ ಬಲವನ್ನೂ ಗುರುತಿಸಬಲ್ಲ ಶಾರ್ಕುಗಳಿವೆ.

ಆದರೆ ಈ ಇಂದ್ರಿಯಕ್ಕೆ ದೂರದ ವ್ಯಾಪ್ತಿಯಿಲ್ಲ. ಒಂದು ಮೊಳದಾಚೆಗೆ ಅದು ಬಹುಮಟ್ಟಿಗೆ ನಿರುಪಯುಕ್ತ. ಕರಿತುದಿಯ ಶಾರ್ಕು ನಮ್ಮಿಂದ ಮೂರು ನಾಲ್ಕು ಮಾರು ದೂರದಲ್ಲಿಯೇ ಸುಳಿದು ಹೊರಟುಹೋಗುವುದರಿಂದ, ಈ ಕಡೆಯ ಪರೀಕ್ಷೆಗೆ ನಾವು ಗುರಿಯಾಗುವುದೇ ಅಪರೂಪ. ಶಬ್ದ, ಗಂಧ, ಚಲನೆ, ಆಕಾರ ಇವಿಷ್ಟರಿಂದಲೇ ನಾವು ಅದರ ಆಹಾರವಲ್ಲವೆಂಬುದೂ, ನಮ್ಮ ಗಾತ್ರವು ಅದರ ಗಾತ್ರಕ್ಕಿಂತ ಹೆಚ್ಚೆಂಬುದೂ ಅದಕ್ಕೆ ನಿಶ್ಚಯವಾಗಿಬಿಡುತ್ತದೆ. ಅದು ಸುತ್ತುವುದನ್ನು ಆಕ್ರಮಣದ ಪೂರ್ವರಂಗವೆಂದು ಬಗೆಯುವವರು, ನಾಲ್ಕು ದಿಕ್ಕಿನಿಂದಲೂ ನೋಡಿ ತಿಳಿಯಬೇಕೆಂಬ ವಿವೇಕವು ಪ್ರಾಣಿಗಳಿಗೂ ಉಂಟೆಂಬುದನ್ನು ಮರೆಯುತ್ತಾರೆ. ಈ ಜಾತಿಯಿಂದ ಮನುಷ್ಯರಿಗೆ ಆಗಿರುವ ಗಾಯಗಳಲ್ಲಿ ಹಲವು, ಮೊಣಕಾಲುದ್ದದ ನೀರಿನಲ್ಲಿ ನಡೆಯುವವರ ಕಾಲನ್ನು ಮೀನೆಂದು ಭ್ರಮಿಸಿ ಕಚ್ಚಿದುದರಿಂದ ಆದವು. ಇಡೀ ಜಗತ್ತಿನಲ್ಲಿ, ಎಲ್ಲ ಜಾತಿಗಳೂ ಸೇರಿ, ಕೆಣಕದೆ ಇದ್ದರೂ ಶಾರ್ಕು ಕಚ್ಚಿದ ಪ್ರಕರಣಗಳು ವರ್ಷಕ್ಕೆ ಸರಾಸರಿ 60ರಿಂದ 70. ಮನುಷ್ಯನು ಕೊಲ್ಲುವ ಶಾರ್ಕುಗಳ ಸಂಖ್ಯೆಯಾದರೋ ವರ್ಷಕ್ಕೆ 10 ಕೋಟಿಯ ಆಸುಪಾಸಿನಲ್ಲಿದೆಯೆಂದು 2013ರ ಒಂದು ಅಧ್ಯಯನವು ಅಂದಾಜು ಮಾಡಿತು.

ಎಲ್ಲ ಶಾರ್ಕುಗಳೂ ಒಂದೇ ಬಗೆಯವೆಂದು ಇದರಿಂದ ತಿಳಿಯಬಾರದು. ಹವಳದ ದಿಬ್ಬವು ಕಡಿದಾಗಿ ಇಳಿಯುವ ಹೊರ ಅಂಚಿನಲ್ಲಿ ಸಂಚರಿಸುವ ಬೂದು ಶಾರ್ಕನ್ನು ಮೂಲೆಗೊತ್ತಿದರೆ ಅದು ಬೆನ್ನನ್ನು ಕಮಾನಾಗಿಸಿ, ಮೂತಿಯನ್ನು ಮೇಲೆತ್ತಿ, ಪಕ್ಕದ ರೆಕ್ಕೆಗಳನ್ನು ಕೆಳಕ್ಕಿಳಿಸಿ, ಮೈಯನ್ನು ಅತಿಯಾಗಿ ಬಳುಕಿಸುತ್ತ ಈಜುತ್ತದೆ. ಇದು ಎಚ್ಚರಿಕೆ. ಇದನ್ನು ಕಂಡವರು ಮುಂದುವರಿಯದೆ, ಅದರ ಕಡೆಗೇ ಮುಖ ಮಾಡಿಕೊಂಡು, ಅದಕ್ಕೆ ದಾರಿ ಬಿಟ್ಟು ಮೆಲ್ಲನೆ ಹಿಂದೆ ಸರಿಯಬೇಕು.

ಕರಿತುದಿಯ ಶಾರ್ಕನ್ನು ಗಮನಿಸಿದವರು, ಅದು ಎಂದೂ ನಿಲ್ಲುವುದಿಲ್ಲವೆಂಬುದನ್ನು ಕಂಡಿರಬಹುದು. ಮುಂದಕ್ಕೆ ಈಜುವುದರಿಂದಲೇ ಅದರ ಬಾಯಿಯ ಮೂಲಕ ನೀರು ಹೊಕ್ಕು ಕಿವಿರುಗಳನ್ನು ತೊಯಿಸಿ ಹೊರಬೀಳಬೇಕಾಗಿರುವುದರಿಂದ, ನಡಿಗೆಯೇ ಅದಕ್ಕೆ ಉಸಿರು. ಅದೇ ನೀರಿನಲ್ಲಿ ವಾಸಿಸುವ ಬಿಳಿತುದಿಯ ಶಾರ್ಕಿಗೆ ಈ ನಿರ್ಬಂಧವಿಲ್ಲ. ಅದು ಬಾಯಿಯ ಸ್ನಾಯುಗಳಿಂದಲೇ ನೀರನ್ನು ಒತ್ತಿಕೊಂಡು ಹಗಲೆಲ್ಲ ಹವಳದ ಗುಹೆಗಳಲ್ಲಿ ಮಲಗಿರುತ್ತದೆ. ಶಾರ್ಕಿನ ಅಸ್ಥಿಪಂಜರವೆಲ್ಲ ಮೃದ್ವಸ್ಥಿ. ತೇಲಲು ನೆರವಾಗುವ ಗಾಳಿಚೀಲ ಅದಕ್ಕಿಲ್ಲ. ಆ ಕೊರತೆಯನ್ನು ಎಣ್ಣೆ ತುಂಬಿದ ದೊಡ್ಡ ಯಕೃತ್ತು ಬಹುಪಾಲು ತುಂಬಿಕೊಡುತ್ತದೆ. ಅದರ ಚರ್ಮವನ್ನು ಹೊದಿಸಿರುವುದು ಹುರುಪೆಗಳೆನ್ನುವುದಕ್ಕಿಂತ ಸಣ್ಣ ಸಣ್ಣ ಹಲ್ಲುಗಳೆನ್ನುವುದೇ ಸರಿ, ಏಕೆಂದರೆ ಹಲ್ಲಿನ ರಚನೆಯೇ ಅವುಗಳಲ್ಲಿಯೂ ಇದೆ. ತಲೆಯಿಂದ ಬಾಲದ ಕಡೆಗೆ ಸವರಿದರೆ ನುಣುಪು, ಎದುರಾಗಿ ಸವರಿದರೆ ಉಪ್ಪುಕಾಗದ. ಕಡಲನೀರಿನ ಉಪ್ಪಿಗೆ ಸರಿದೂಗುವಂತೆ ರಕ್ತದಲ್ಲಿ ಯೂರಿಯಾವನ್ನು ಕೂಡಿಟ್ಟುಕೊಳ್ಳುವುದು ಅದರ ಇನ್ನೊಂದು ಉಪಾಯ. ನಮ್ಮ ಕರಾವಳಿಯ ಅಡುಗೆಮನೆಗಳಲ್ಲಿ ಶಾರ್ಕಿನ ಮಾಂಸವನ್ನು ತಂದ ದಿನವೇ ಬೇಯಿಸಬೇಕೆನ್ನುವುದಕ್ಕೂ, ಇಲ್ಲವಾದರೆ ಅದು ಗಾಟು ಹೊಡೆಯುವುದಕ್ಕೂ ಈ ಯೂರಿಯಾ ಕೊಳೆತು ಅಮೋನಿಯವಾಗುವುದೇ ಕಾರಣ.

ಈ ಯಕೃತ್ತಿನ ಎಣ್ಣೆಯೇ ಮಾಲ್ಡೀವ್ಸಿನ ಜನರನ್ನು ಹಿಂದಿನಿಂದಲೂ ಶಾರ್ಕುಗಳ ಬೇಟೆಗೆ ಪ್ರೇರಿಸಿತು. ಮರದ ದೋಣಿಗಳು ಕೆಡದಂತೆ ಅವರು ಅದನ್ನು ಬಳಿಯುತ್ತಿದ್ದರು. ಅಷ್ಟರಿಂದ ಸಮುದ್ರಕ್ಕೆ ಬಾಧೆಯಿರಲಿಲ್ಲ. ರೆಕ್ಕೆಗಳ ರಫ್ತು ಬೆಳೆದ ಮೇಲೆ ಸಂಗತಿ ಬದಲಾಯಿತು. 1990ರ ದಶಕದ ಆರಂಭದಲ್ಲಿ ನಡೆದ ಲೆಕ್ಕಾಚಾರವೊಂದು, ಮುಳುಗುಗಾರರು ನೋಡಹೋಗುವ ತಾಣದಲ್ಲಿರುವ ಒಂದು ಬೂದು ಶಾರ್ಕು ಬದುಕಿದ್ದರೆ ವರ್ಷಕ್ಕೆ ಸರಾಸರಿ 3,300 ಡಾಲರುಗಳ ವರಮಾನಕ್ಕೆ ಕಾರಣವಾಗುವುದೆಂದೂ, ಕೊಂದರೆ ಮೀನುಗಾರನಿಗೆ ಒಂದೇ ಸಲ 32 ಡಾಲರು ದೊರೆಯುವುದೆಂದೂ ತೋರಿಸಿತು. ಜೀವವೊಂದರ ಬೆಲೆಯನ್ನು ಹೀಗೆ ಡಾಲರಿನಲ್ಲಿ ಕಟ್ಟುವುದು ನನಗೆ ಹಿತವೆನಿಸುವುದಿಲ್ಲ. ಆದರೂ ಇಂತಹ ಲೆಕ್ಕಗಳು 2010ರ ಮಾರ್ಚಿಯಲ್ಲಿ ಆ ದೇಶವು ಶಾರ್ಕು ಹಿಡಿಯುವುದನ್ನು ಸಂಪೂರ್ಣವಾಗಿ ನಿಷೇಧಿಸಲು ನೆರವಾದುವೆಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು.

ನಿಷೇಧವು ಅಗತ್ಯವಾದುದೇಕೆಂದರೆ, ಈ ಪ್ರಾಣಿಗಳು ಸಂತಾನದಲ್ಲಿ ಇತರ ಮೀನುಗಳಂತಲ್ಲ. ಲಕ್ಷಾಂತರ ಮೊಟ್ಟೆಗಳನ್ನು ನೀರಿಗೆ ಚೆಲ್ಲಿ ಮರೆಯುವ ಬದಲು, ಕರಿತುದಿಯ ಹೆಣ್ಣು ಹೊಕ್ಕುಳಬಳ್ಳಿಯ ಮೂಲಕ ಮರಿಗಳನ್ನು ಗರ್ಭದಲ್ಲಿ ಪೋಷಿಸಿ, ಒಂದು ಸಲಕ್ಕೆ ಮೂರು ನಾಲ್ಕನ್ನು ಮಾತ್ರ ಹೆರುತ್ತದೆ. ಒಂದೂವರೆ ಅಡಿಯಷ್ಟಿರುವ ಆ ಮರಿಗಳು ದೊಡ್ಡ ಮೀನುಗಳು ಬರಲಾರದ, ಪಾದ ಮುಳುಗುವಷ್ಟೇ ನೀರಿರುವ ದಡದಂಚಿನಲ್ಲಿ ಬೆಳೆಯುತ್ತವೆ. ದ್ವೀಪದ ಕಟ್ಟೆಯ ಮೇಲೆ ನಿಂತವರಿಗೆ ಮುಖಗವಸಿಲ್ಲದೆಯೂ ಅವು ಗುಂಪುಗುಂಪಾಗಿ ಸುಳಿದಾಡುವುದು ಕಾಣಿಸುತ್ತದೆ. ಪೆಸಿಫಿಕ್ ಸಾಗರದ ಮೊರೆಯಾ ದ್ವೀಪದಲ್ಲಿ ವಂಶಪರೀಕ್ಷೆಯ ಮೂಲಕ ನಡೆಸಿದ ಶೋಧನೆಯೊಂದು, ಹೆಣ್ಣು ಶಾರ್ಕುಗಳು ಹೆರಿಗೆಗಾಗಿ ತಮಗೆ ಗೊತ್ತಾದ ತಾಣಗಳಿಗೇ ಮರಳಿ ಮರಳಿ ಹೋಗುವುವೆಂದೂ, ಕೆಲವು ಅದಕ್ಕಾಗಿ ಸುಮಾರು 50 ಕಿಲೋಮೀಟರ್ ಆಳಸಮುದ್ರವನ್ನು ದಾಟುವುವೆಂದೂ 2013ರಲ್ಲಿ ತೋರಿಸಿಕೊಟ್ಟಿತು. ದಿನನಿತ್ಯದ ಸಂಚಾರದಲ್ಲಿ ತನ್ನ ಸಣ್ಣ ಸರಹದ್ದನ್ನು ಬಿಟ್ಟು ಕದಲದ ಪ್ರಾಣಿ, ಹೆರಿಗೆಗೆಂದು ಇಷ್ಟು ದೂರ ಹೋಗುವುದಾದರೆ, ಆ ತಾಣಗಳ ಬೆಲೆ ಅದಕ್ಕೆ ಎಷ್ಟಿರಬೇಕು!

ಗಾಳವನ್ನೂ ಬಲೆಯನ್ನೂ ತಡೆದ ಕಾನೂನು ಈ ತಾಣಗಳನ್ನು ಕಾಯಲಾರದೆಂಬುದೇ ಈಗಿನ ಚಿಂತೆ. ನೆಲದ ಅಭಾವದಿಂದ ಬಳಲುವ ಮಾಲ್ಡೀವ್ಸಿನಲ್ಲಿ ಕಡಲ ತಳದ ಮರಳನ್ನು ಎತ್ತಿ ಆಳವಿಲ್ಲದ ನೀರಿನ ಜಾಗಗಳನ್ನು ತುಂಬಿ ನೆಲವಾಗಿಸುವ ಕಾರ್ಯ ಬಹುಕಾಲದಿಂದ ನಡೆದಿದೆ. ರಾಜಧಾನಿ ಮಾಲೆಯ ಪಕ್ಕದಲ್ಲಿ 1997ರಿಂದ ಹೀಗೆ ಬೆಳೆಸಿದ ಹುಲುಮಾಲೆಯಲ್ಲಿ ಇಂದು ಸಾವಿರಾರು ಸಂಸಾರಗಳಿವೆ. ಮನೆಯಿಲ್ಲದವರಿಗೆ ನೆಲ ಬೇಕೆಂಬುದನ್ನು ಅಲ್ಲಗಳೆಯಲಾಗದು. ಪ್ರವಾಸಿಗರ ತಂಗುದಾಣಗಳಿಗೆ ಇನ್ನೊಂದಷ್ಟು ಮರಳದಂಡೆಯನ್ನು ಒದಗಿಸುವುದಕ್ಕಾಗಿ ಅದೇ ಕೆಲಸ ನಡೆಯುವಾಗ ಮಾತ್ರ, ಮರಳೆತ್ತುವ ಯಂತ್ರ ಇಳಿಯುವುದಕ್ಕೆ ಮೊದಲು, ಆ ದಂಡೆಯಲ್ಲಿ ಮರಿಗಳು ಇವೆಯೇ, ಯಾವ ತಿಂಗಳುಗಳಲ್ಲಿ ಇವೆ ಎಂದು ಯಾರಾದರೂ ಹೋಗಿ ನೋಡಿ ಬರೆದಿಡಬೇಕು. ಕೊಠಡಿಯನ್ನು ಕಾದಿರಿಸುವ ನಾವೂ ಅದನ್ನು ವಿಚಾರಿಸಬೇಕು.