ನಿಮಗಿದು ಗೊತ್ತೆ? ಚೆಂಡು ಕೊಟ್ಟರು, ನಾಯಕತ್ವ ಕೊಡಲಿಲ್ಲ

1947ರಲ್ಲಿ ಕಪ್ಪು ಆಟಗಾರ ಜಾಕಿ ರಾಬಿನ್ಸನ್ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನ ವರ್ಣಬೇಲಿ ಮುರಿದರು. ಅದಕ್ಕೂ ಎಷ್ಟೋ ಮೊದಲು, ಧಾರವಾಡದಲ್ಲಿ ಹುಟ್ಟಿದ ದಲಿತ ಕ್ರಿಕೆಟ್ ಸ್ಪಿನ್ನರ್ ಪಾಲ್ವಂಕರ್ ಬಾಳೂ 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ಕಿತ್ತಿದ್ದರು. ಆದರೆ ಪುಣೆಯಲ್ಲಿ ಜತೆ ಆಟಗಾರರಿಗೆ ಪೆವಿಲಿಯನ್ ಒಳಗೆ ಪಿಂಗಾಣಿ ಕಪ್‌ನಲ್ಲಿ ಚಹಾ ಬಂದರೆ, ಬಾಳೂ ಅವರಿಗೆ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. ತಂಡದಲ್ಲಿ ಜಾಗ ಸಿಕ್ಕಿತಲ್ಲ, ಇನ್ನೇನು ಬೇಕಿತ್ತು ಎಂದು ಕೇಳಬಹುದು. ಗೆಲ್ಲಬೇಕಾದಾಗ ಚೆಂಡು ಕೊಡುವುದು ಸುಲಭ. ದಲಿತ ನಾಯಕ ಹೇಳಿದ ಜಾಗದಲ್ಲಿ ಮೇಲ್ಜಾತಿಯವರು ಫೀಲ್ಡಿಂಗ್‌ಗೆ ನಿಲ್ಲುವುದೇ ನಿಜವಾದ ಪರೀಕ್ಷೆ. ಧರ್ಮವಾರು ತಂಡಗಳ ಪಂದ್ಯಾವಳಿಯಲ್ಲಿ ಆಡುತ್ತಿದ್ದ ಹಿಂದೂ ತಂಡದ ಅಧಿಕೃತ ನಾಯಕತ್ವ ಬಾಳೂ ಅವರಿಗೆ ದಕ್ಕಲೇ ಇಲ್ಲ. ಕೊನೆಗೆ 1923ರಲ್ಲಿ ಅವರ ತಮ್ಮ ವಿಠ್ಠಲ್ ಆ ತಂಡದ ನಾಯಕರಾದರು. ಅಮೆರಿಕದಲ್ಲೂ ಅಷ್ಟೇ: ಮೇಜರ್ ಲೀಗ್‌ನ ಮೊದಲ ಕಪ್ಪು ಮ್ಯಾನೇಜರ್ ಆಗಿ ಫ್ರಾಂಕ್ ರಾಬಿನ್ಸನ್ ಕಣಕ್ಕಿಳಿದದ್ದು 1975ರಲ್ಲಿ.