ಮನೆ ಮಾರಿದ ಮೇಲೆ ಹಂಡೆ ಯಾರದು?

ಕ್ರಯದ ಮಾತುಕತೆ ಮುಗಿದಿದೆ, ಮುಂಗಡ ಕೈಸೇರಿದೆ. ಮನೆ ಖಾಲಿ ಮಾಡುವ ಹಿಂದಿನ ದಿನ ಮನೆಯ ಹಿರಿಯಾಕೆ ಬಚ್ಚಲಲ್ಲಿ ನಿಂತಿದ್ದಾರೆ. ಎದುರಿಗೆ ಒಲೆಯ ಮೇಲೆ ಮಣ್ಣು ಮೆತ್ತಿ ಕೂರಿಸಿದ ತಾಮ್ರದ ಹಂಡೆ. ಮದುವೆಯಲ್ಲಿ ತವರಿನವರು ಕೊಟ್ಟದ್ದು. "ಅದು ಮನೆ ಜತೆಗೇ ಹೋಯ್ತು ಬಿಡವ್ವ" ಎನ್ನುತ್ತಾನೆ ಮಗ. "ನಮ್ಮವ್ವ ಹಂಡೆ ಕೊಟ್ಟಿದ್ದು ನನಗೆ, ಈ ಮನೆಗಲ್ಲ" ಎನ್ನುತ್ತಾರೆ ತಾಯಿ.

ಇಂಥ ಮಾತು ಶಾಮನೂರಿನ ಯಾವ ಹಳೆಯ ಮನೆಯಲ್ಲಾದರೂ ಕೇಳಿಬರಬಹುದು. ದಾವಣಗೆರೆಯ ಪಕ್ಕದ ಹಳ್ಳಿಯಾಗಿದ್ದ ಶಾಮನೂರು ಈಗ ನಗರದೊಳಗೇ ಸೇರಿಹೋಗಿದೆ. ನಗರ ಬೆಳೆದಂತೆ ನಿವೇಶನದ ಬೆಲೆ ಏರುತ್ತದೆ, ಮಾಳಿಗೆ ಮನೆಗಳು ಕೈಬದಲಾಗುತ್ತವೆ. ಲಕ್ಷಗಟ್ಟಲೆ ವ್ಯವಹಾರವನ್ನು ನಗುನಗುತ್ತಾ ಮುಗಿಸಿದವರು ಹಂಡೆಗೋ ಬಾಗಿಲಿಗೋ ಮಾತು ಬಿಡುತ್ತಾರೆ. ಹಾಗಾದರೆ 'ಮನೆ ಮಾರಿದೆ' ಎಂದಾಗ ನಿಜಕ್ಕೂ ಮಾರಿದ್ದು ಏನನ್ನು?

ಈ ಪ್ರಶ್ನೆಗೆ ನಮ್ಮ ಹಿರಿಯರು ತಮ್ಮದೇ ಉತ್ತರವೊಂದನ್ನು ಬರೆದಿಟ್ಟಿದ್ದಾರೆ. ಹಳೆಯ ಕ್ರಯಪತ್ರಗಳಲ್ಲಿ, ಅಷ್ಟೇಕೆ ಇಂದಿನ ಎಷ್ಟೋ ಪತ್ರಗಳಲ್ಲೂ, ಚಕ್ಕುಬಂದಿಯ ಆಸುಪಾಸಿನಲ್ಲಿ ಒಂದು ಸಾಲು ಬರುತ್ತದೆ: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯಗಳೆಂಬ ಅಷ್ಟಭೋಗ ತೇಜಸ್ವಾಮ್ಯ ಸಹಿತವಾಗಿ. ಪತ್ರ ಬರೆಯುವವರು ಇದನ್ನು ಉಸಿರು ತೆಗೆದುಕೊಳ್ಳದೆ ಓದಿಬಿಡುತ್ತಾರೆ, ಕೇಳುವವರು ತಲೆಯಾಡಿಸುತ್ತಾರೆ. ಅರ್ಥ ಕೇಳುವವರು ಕಡಿಮೆ. ಇದು ವಿಜಯನಗರ ಕಾಲದ ದಾನಶಾಸನಗಳಲ್ಲಿ ಮತ್ತೆ ಮತ್ತೆ ಕಾಣಿಸುವ ಮಾತು. ರಾಜನು ಗ್ರಾಮವೊಂದನ್ನು ದಾನ ಮಾಡುವಾಗ ನೆಲದೊಳಗೆ ಹೂತಿರುವ ನಿಧಿ, ಇರಿಸಿಟ್ಟ ನಿಕ್ಷೇಪ, ನೀರು, ಕಲ್ಲು, ಕ್ಷೀಣಿಸದ ಹುಟ್ಟುವಳಿ, ಮುಂದೆ ಬರಲಿರುವುದು, ಈಗಾಗಲೇ ಕೈಗೂಡಿರುವುದು, ಇನ್ನು ಸಾಧಿಸಬಹುದಾದುದು, ಹೀಗೆ ಎಂಟನ್ನೂ ಕೊಟ್ಟೆನೆಂದು ಬರೆಸುತ್ತಿದ್ದ. ಕೆಲವರು 'ತರು' ಎಂದು ಮರವನ್ನೂ ಸೇರಿಸುತ್ತಾರೆ. ಊರಿಗೆ ಊರನ್ನೇ ಕೊಡುವಾಗ ಹುಟ್ಟಿದ ಮಾತು ಇಂದು ಮೂವತ್ತು-ನಲವತ್ತರ ನಿವೇಶನಕ್ಕೂ ಅಂಟಿಕೊಂಡಿದೆ.

ಆದರೆ ಅದರ ಬಲ ಮೊದಲಿನಂತಿಲ್ಲ. ನಿಧಿಯ ವಿಷಯವನ್ನೇ ತೆಗೆದುಕೊಳ್ಳಿ. ಹತ್ತು ರೂಪಾಯಿಗೆ ಮೇಲ್ಪಟ್ಟ ನಿಧಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಲೇಬೇಕೆಂದು ಬ್ರಿಟಿಷ್ ಸರ್ಕಾರ 1878ರಲ್ಲೇ ಕಾಯ್ದೆ ಮಾಡಿತ್ತು. ಕ್ರಯಪತ್ರದಲ್ಲಿ 'ನಿಧಿ' ಎಂದಿದೆಯಲ್ಲ ಎಂದು ಪಾಯದಲ್ಲಿ ಸಿಕ್ಕ ಚಿನ್ನದ ಗಡಿಗೆಯನ್ನು ಕಪಾಟಿಗೆ ಸೇರಿಸುವಂತಿಲ್ಲ. ಇನ್ನೂ ಒಂದು ಸೋಜಿಗವೆಂದರೆ, ಈ ಎಂಟರ ಪಟ್ಟಿಯಲ್ಲಿ ನೆಲವಿದೆ, ನೀರಿದೆ, ನಾಳೆ ಬರುವ ಲಾಭವಿದೆ. ಬಾಗಿಲಿಲ್ಲ, ಬೀಗವಿಲ್ಲ, ಹಂಡೆಯಂತೂ ಇಲ್ಲ.

ಬಾಗಿಲು ಬೀಗಗಳನ್ನು ಹೆಸರಿಟ್ಟು ಹೇಳಿದ್ದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅದರ 8ನೇ ಕಲಮಿನ ಪ್ರಕಾರ ಮನೆಯೊಂದು ಕೈಬದಲಾದಾಗ ಅದರ ಬೀಗ, ಬೀಗದ ಕೈ, ಸಲಾಕೆ, ಬಾಗಿಲು, ಕಿಟಕಿಗಳೂ ಮನೆಯೊಡನೆ ಕಾಯಂ ಬಳಕೆಗೆಂದು ಒದಗಿಸಿದ ಇತರ ಎಲ್ಲ ವಸ್ತುಗಳೂ ಕೊಂಡವನಿಗೆ ಸೇರುತ್ತವೆ. ಬೀಗದ ಕೈ ಕಿಸೆಯಲ್ಲಿಟ್ಟುಕೊಂಡು ಓಡಾಡುವ ವಸ್ತು. ಆದರೂ ಕಾಯ್ದೆಯ ಕಣ್ಣಿಗೆ ಅದು ಮನೆಯ ಭಾಗ. ಆದರೆ ಕಲಮಿನ ಆರಂಭದಲ್ಲೇ ಒಂದು ಷರತ್ತಿದೆ: ಬೇರೆ ಉದ್ದೇಶವನ್ನು ಹೇಳಿರದಿದ್ದರೆ ಮಾತ್ರ. ಮಾರುವವರೂ ಕೊಳ್ಳುವವರೂ ಮೊದಲೇ ಬೇರೆ ರೀತಿ ಒಪ್ಪಿಕೊಂಡರೆ ಅದೇ ನಡೆಯುತ್ತದೆ.

ಅದೇ ಕಾಯ್ದೆಯ 3ನೇ ಕಲಮು ಭೂಮಿಗೆ ಅಂಟಿದ ವಸ್ತು ಎಂದರೇನೆಂದು ವಿವರಿಸುತ್ತದೆ. ಮರದಂತೆ ಬೇರು ಬಿಟ್ಟದ್ದು ಒಂದು, ಗೋಡೆಯಂತೆ ನೆಲದಲ್ಲಿ ಹೂತದ್ದು ಇನ್ನೊಂದು. ಮೂರನೆಯದೇ ತಕರಾರಿನ ಬೇರು: ಹಾಗೆ ಹೂತದ್ದಕ್ಕೆ, ಅದರ ಕಾಯಂ ಉಪಯೋಗಕ್ಕಾಗಿ ಜೋಡಿಸಿದ್ದು. ಯಾವುದು ಕಾಯಂ, ಯಾವುದು ತಾತ್ಕಾಲಿಕ? ಮೊಳೆ ಹೊಡೆದದ್ದೆಲ್ಲ ಮನೆಯದೇ?

ಇದಕ್ಕೆ ವಕೀಲರು ಇಂದಿಗೂ ನೆನೆಯುವ ತೀರ್ಪು ಹತ್ತಿ ಗಿರಣಿಗಳ ಊರಾದ ದಾವಣಗೆರೆಗೆ ಹತ್ತಿರದ್ದೆನಿಸುತ್ತದೆ. 1872ರಲ್ಲಿ ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸ್‌ನ ಉಣ್ಣೆ ಗಿರಣಿಯ ಮಗ್ಗಗಳ ಬಗ್ಗೆ ವ್ಯಾಜ್ಯವಾಯಿತು. ಮಾಲೀಕ ಗಿರಣಿಯನ್ನು ಅಡವಿಟ್ಟಿದ್ದ. ಮಗ್ಗಗಳನ್ನು ಕಲ್ಲಿನ ನೆಲದೊಳಗಿನ ಮರದ ಬೆಣೆಗಳಿಗೆ ಮೊಳೆ ಹೊಡೆದು ನಿಲ್ಲಿಸಲಾಗಿತ್ತು. ಕಷ್ಟವಿಲ್ಲದೆ ಕೀಳಬಹುದಿತ್ತು. ಆದರೂ ನ್ಯಾಯಾಲಯ ಅವು ಗಿರಣಿಯೊಡನೆಯೇ ಹೋಗುತ್ತವೆ ಎಂದಿತು. ನ್ಯಾಯಮೂರ್ತಿ ಬ್ಲ್ಯಾಕ್‌ಬರ್ನ್ ಎರಡು ಅಂಶ ನೋಡಲು ಹೇಳಿದರು: ಎಷ್ಟು ಬಿಗಿಯಾಗಿ ಅಂಟಿದೆ, ಮತ್ತು ಯಾವ ಉದ್ದೇಶಕ್ಕೆ ಅಂಟಿಸಿದೆ. ಅವರು ಕೊಟ್ಟ ಉದಾಹರಣೆ ಹೊಲದ ಬದುವಿನಲ್ಲಿ ಕಲ್ಲು ಪೇರಿಸಿ ಗೊತ್ತಿರುವ ಯಾರಿಗಾದರೂ ಥಟ್ಟನೆ ಅರ್ಥವಾಗುತ್ತದೆ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆ ನೆಲದ ಭಾಗ. ಅದೇ ಕಲ್ಲುಗಳನ್ನು ಮಾರಲೆಂದು ಅಂಗಳದಲ್ಲಿ ಒಟ್ಟಿದ್ದರೆ ಅವು ಬರೀ ಸಾಮಾನು. 1902ರಲ್ಲಿ ಅದೇ ದೇಶದಲ್ಲಿ, ಗೋಡೆಗೆ ಜಡಿದ ಚಿತ್ರವಸ್ತ್ರಗಳು ಮನೆಯವಲ್ಲ ಎಂಬ ತೀರ್ಪು ಬಂತು. ಅವನ್ನು ತೂಗುಹಾಕಿದ್ದು ನೋಡಿ ಆನಂದಿಸಲು, ಗೋಡೆಯನ್ನು ಬಲಪಡಿಸಲು ಅಲ್ಲ. ನಮ್ಮ ಪಡಸಾಲೆಯ ಗೋಡೆಯ ತಾತ-ಮುತ್ತಾತರ ಫೋಟೋಗಳಿಗೂ ಇದೇ ಲೆಕ್ಕ.

ಭಾರತದ ನ್ಯಾಯಾಲಯಗಳು ಇಂಗ್ಲೆಂಡಿನ ದಾರಿಯನ್ನು ಪೂರ್ತಿ ಹಿಡಿಯಲಿಲ್ಲ. ನೆಲಕ್ಕೆ ಸೇರಿದ್ದೆಲ್ಲ ನೆಲದೊಡೆಯನದು ಎಂಬ ಕಟ್ಟುನಿಟ್ಟು ಈ ದೇಶದ ವಾಡಿಕೆಯಲ್ಲ ಎಂದು ಕಲ್ಕತ್ತ ಹೈಕೋರ್ಟ್ 1866ರಲ್ಲೇ ಹೇಳಿತ್ತು. ಬಾಡಿಗೆದಾರ ತಾನು ಜೋಡಿಸಿದ್ದನ್ನು, ಮನೆಯನ್ನು ಮೊದಲಿದ್ದ ಸ್ಥಿತಿಯಲ್ಲಿ ಬಿಟ್ಟು, ಕೊಂಡೊಯ್ಯಬಹುದೆಂಬ ನಿಯಮವೂ 1882ರ ಕಾಯ್ದೆಯಲ್ಲಿದೆ. ಮಾರುವ ಯಜಮಾನನಿಗೆ ಮಾತ್ರ ಅಂಥ ಸಲಿಗೆಯಿಲ್ಲ.

ಇನ್ನು ಬಯಲುಸೀಮೆಯ ಹಳೆಯ ಮನೆಗೆ ಬರೋಣ. ಅದನ್ನು ಅಳೆಯುವುದೇ ಕಂಬಗಳಿಂದ. ಕಂಬದಿಂದ ಕಂಬಕ್ಕೆ ಒಂದು ಅಂಕಣ. ಇಷ್ಟು ಅಂಕಣದ ಮನೆ ಎಂದೇ ಹೇಳುವುದು, ಬರೆಯುವುದು. ಹಾಗಾಗಿ ಕಂಬ, ತೊಲೆ, ಜಂತೆಗಳ ಬಗ್ಗೆ ಅನುಮಾನವೇ ಇಲ್ಲ. ನೆಲದಲ್ಲಿ ಹೂತ ಒರಳುಕಲ್ಲು, ಗೋಡೆಯಲ್ಲಿ ಕೂರಿಸಿದ ತಿಜೋರಿ, ಹಿತ್ತಲ ತುಳಸಿಕಟ್ಟೆ, ದೇವರ ಜಗಲಿ ಎಲ್ಲವೂ ಮನೆಯವೇ. ಜಗಲಿಯ ಮೇಲಿನ ದೇವರು ಮಾತ್ರ ಮಾರಿದವರ ಸಂಗಡ ಹೊರಡುತ್ತಾನೆ. ನೆಲದಡಿಯ ಹಗೇವು ಕೊಂಡವನದು, ಅದರೊಳಗಿನ ಜೋಳ ತುಂಬಿಸಿದವನದು. ಹಿತ್ತಲ ತೆಂಗು ಮನೆಯ ಜೊತೆಗೇ ಉಳಿಯುತ್ತದೆ. ಆದರೆ ಬೇಗನೆ ಕಡಿಯಲೆಂದೇ ನಿಂತ ಮರ ಕಾಯ್ದೆಯಲ್ಲಿ ಚರಸ್ವತ್ತು. ಮರ ನೆಲದ ಸಾರ ಹೀರುತ್ತಾ ಬೆಳೆಯಲೆಂದು ನಿಂತಿದೆಯೋ, ಕೊಡಲಿಗೆ ಕಾದು ನಿಂತಿದೆಯೋ ಎಂಬ ವ್ಯತ್ಯಾಸವನ್ನು ಸುಪ್ರೀಂ ಕೋರ್ಟ್ 1958ರ ಶಾಂತಾಬಾಯಿ ಪ್ರಕರಣದಲ್ಲಿ ಚರ್ಚಿಸಿದೆ.

ತಲೆಬಾಗಿಲಿನದು ಬೇರೆಯೇ ಕಥೆ. ಕೆತ್ತನೆಯ ಚೌಕಟ್ಟಿಗೆ, ತೇಗದ ಕದಕ್ಕೆ ಈಗ ಮನೆಗಿಂತ ಹೆಚ್ಚು ಗಿರಾಕಿಗಳು. ಹಳೆಯ ಮರಮುಟ್ಟು ಹೋಟೆಲು, ರೆಸಾರ್ಟುಗಳ ಅಲಂಕಾರಕ್ಕೆ ಹೋಗುತ್ತದೆ. ಮರದ ಮನೆಯ ಸ್ವಭಾವವೂ ಇದಕ್ಕೆ ಅನುಕೂಲ. ಬೆಣೆ, ಗೂಟಗಳಿಂದ ಜೋಡಿಸಿದ್ದನ್ನು ಬಿಚ್ಚಿ ಇನ್ನೊಂದೆಡೆ ಕೂಡಿಸಬಹುದು. ಬ್ಯಾಂಕ್ ಉದ್ಯೋಗಿಯಾಗಿದ್ದ ವಿಜಯನಾಥ ಶೆಣೈ (ನಿಧನ 2017) ಹೀಗೆ ಕೆಡವಲು ಹೊರಟ ಮನೆಗಳನ್ನೇ ಬಿಚ್ಚಿ ತಂದು ಮಣಿಪಾಲದಲ್ಲಿ ಪಾರಂಪರಿಕ ಗ್ರಾಮವನ್ನು ಕಟ್ಟಿದರು. ಕುಕನೂರಿನ ಕಮಲ ಮಹಲ್ ಕೂಡ ಅಲ್ಲಿಗೆ ಬಂದು ನಿಂತಿದೆ. ಕಾಯ್ದೆ 'ಸ್ಥಿರ' ಎಂದು ಕರೆದದ್ದನ್ನು ಬಡಗಿಗಳು ಲಾರಿಯಲ್ಲಿ ಸಾಗಿಸಿದರು. ಅವರು ಉಳಿಸಲೆಂದು ಬಿಚ್ಚಿದರು. ಕರಾರು ಬರೆದುಕೊಟ್ಟ ಮೇಲೆ ರಾತ್ರೋರಾತ್ರಿ ಚೌಕಟ್ಟು ಕೀಳುವುದು ಬೇರೆ ಮಾತು. ಕರಾರಿನ ದಿನದಿಂದ ಸ್ವಾಧೀನ ಕೊಡುವವರೆಗೆ ವಿವೇಕಿಯಾದ ಯಜಮಾನನಂತೆ ಸ್ವತ್ತನ್ನು ಕಾಯುವುದು ಮಾರುವವನ ಹೊಣೆಯೆಂದು 55ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ.

ಹೊಸ ಮನೆಗಳಲ್ಲಿ ತಕರಾರು ಹೆಸರು ಬದಲಿಸಿಕೊಂಡಿದೆ. ಕೊಳವೆ ಬಾವಿಯೊಳಗಿನ ಮೋಟಾರು, ಮಾಳಿಗೆಯ ಸೋಲಾರ್ ಹೀಟರ್, ಗೋಡೆಗೆ ಸೇರಿಸಿ ಮಾಡಿಸಿದ ವಾರ್ಡ್‌ರೋಬು, ಅಡುಗೆಮನೆಯ ಕಪಾಟುಗಳು ಮನೆಯವೆಂದೇ ವಾದಿಸಬಹುದು. ಫ್ಯಾನು, ಯುಪಿಎಸ್, ಎ.ಸಿ.ಗಳನ್ನು ಕೊಂಡೊಯ್ಯುವುದೇ ರೂಢಿ. ಆದರೆ ಮನೆ ನೋಡಲು ಬಂದ ದಿನ ತಿರುಗುತ್ತಿದ್ದ ಫ್ಯಾನಿನ ಜಾಗದಲ್ಲಿ ಬರೀ ಕೊಕ್ಕೆ ಕಂಡರೆ ಕೊಂಡವರ ಮುಖ ಸಪ್ಪಗಾಗುತ್ತದೆ. ಕೆಲವರು ಇಂಥ ವಸ್ತುಗಳಿಗೆ ಬೇರೆ ಬೆಲೆ ಕಟ್ಟಿ ಬೇರೆ ರಸೀದಿ ಮಾಡಿಕೊಳ್ಳುತ್ತಾರೆ. ಅದು ತಪ್ಪಲ್ಲ. ಮುದ್ರಾಂಕ ಶುಲ್ಕ ಉಳಿಸಲೆಂದು ಗೋಡೆಗೆ ಅಂಟಿದ್ದನ್ನೆಲ್ಲ ಚರಸ್ವತ್ತೆಂದು ಬರೆಸುವುದು ಮಾತ್ರ ನಡೆಯದು. ಕಾನ್ಪುರದ ರಸಗೊಬ್ಬರ ಕಾರ್ಖಾನೆಯ ಮಾರಾಟದಲ್ಲಿ ಯಂತ್ರಗಳನ್ನು ಪತ್ರದಿಂದ ಹೊರಗಿಟ್ಟಿದ್ದ ಕಂಪನಿಯ ವಾದವನ್ನು ಸುಪ್ರೀಂ ಕೋರ್ಟ್ 1999ರ ಕೊನೆಯಲ್ಲಿ ಒಪ್ಪಲಿಲ್ಲ. ಕಾಯಂ ಆಗಿ ನೆಲಕ್ಕೆ ಕೂರಿಸಿದ ಯಂತ್ರಗಳಿಗೂ ಶುಲ್ಕ ಕಟ್ಟಬೇಕಾಯಿತು.

ಬಚ್ಚಲಲ್ಲಿ ನಿಂತ ಹಿರಿಯಾಕೆಗೆ ಈ ಕಾಯ್ದೆ ಅಷ್ಟೇನೂ ಅನುಕೂಲವಾಗಿಲ್ಲ. ಮೂರು ಕಲ್ಲಿನ ಮೇಲೆ ಸುಮ್ಮನೆ ಇಟ್ಟ ಹಂಡೆಯಾಗಿದ್ದರೆ ಪಾತ್ರೆಗಳ ಜೊತೆ ಗಾಡಿ ಹತ್ತುತ್ತಿತ್ತು. ಇದು ಒಲೆಗೆ ಮಣ್ಣು ಮೆತ್ತಿ, ಹೊಗೆಗೂಡಿಗೆ ಹೊಂದಿಸಿ, ಮನೆಯವರ ನಿತ್ಯದ ಸ್ನಾನಕ್ಕೆಂದು ಕೂರಿಸಿದ ಹಂಡೆ. ಮನೆಯದೇ ಎನ್ನಲು ಕೊಂಡವನಿಗೆ ಬೇಕಾದಷ್ಟು ಆಧಾರವಿದೆ. ತವರಿನ ಉಡುಗೊರೆ ಎಂಬುದು ಕಲಮಿನಲ್ಲಿ ಎಲ್ಲೂ ಬರುವುದಿಲ್ಲ. ಮುಂಗಡ ತೆಗೆದುಕೊಳ್ಳುವ ಮೊದಲೇ ಕರಾರಿನಲ್ಲಿ 'ಬಚ್ಚಲೊಲೆಯ ತಾಮ್ರದ ಹಂಡೆಯನ್ನು ಮಾರಾಟಗಾರರು ತೆಗೆದುಕೊಂಡು ಹೋಗತಕ್ಕದ್ದು' ಎಂದು ಒಂದು ಸಾಲು ಬರೆಸಿದ್ದರೆ ಸಾಕಿತ್ತು. ಈಗ ಉಳಿದಿರುವುದು ಕೊಂಡವರನ್ನು ಕೇಳಿ ನೋಡುವುದು. ಅವರು ಆ ಒಲೆಯನ್ನೇ ಒಡೆದು ಗೀಸರ್ ಹಾಕಿಸುವವರಾಗಿದ್ದರೆ, ಮಣ್ಣು ಕೆರೆದು ಹಂಡೆ ಎತ್ತಿಕೊಡಲು ತಾವೇ ಆಳು ಕರೆತಂದಾರು.