ತೇಗದ ಬಾಳಿಕೆ ಅದರ ಕೆಚ್ಚಿನಲ್ಲಿದೆ

ಕನ್ನಡದಲ್ಲಿ ತೇಗವೆಂದೂ ಸಾಗುವಾನಿಯೆಂದೂ ಕರೆಯಲ್ಪಡುವ ಮರವೇ ಮರಾಠಿಗರ ‘ಸಾಗ’, ತಮಿಳರ ‘ತೇಕ್ಕು’, ತೆಲುಗರ ‘ಟೇಕು’. ಮಲಯಾಳಂನ ‘ತೇಕ್ಕ್’ ಪೋರ್ಚುಗೀಸರ ಬಾಯಲ್ಲಿ ‘ತೆಕಾ’ ಆಗಿ, ಅಲ್ಲಿಂದ ಇಂಗ್ಲಿಷಿಗೆ ಹೋಗಿ ‘ಟೀಕ್’ ಎನಿಸಿಕೊಂಡಿತು. ಮಹಾನಗರಗಳಲ್ಲಿ ನೆಲೆಸಿದ ನಮ್ಮವರ ಹಳೆಯ ಕಟ್ಟಡಗಳು ಈಗ ಒಂದೊಂದಾಗಿ ಪುನರ್ನಿರ್ಮಾಣಕ್ಕೆ ಹೋಗುತ್ತಿವೆ. ಊರಿನ ಮನೆಗಳೂ ಕೈಬದಲಾಗುತ್ತಿವೆ. ಅಂತಹ ಸಮಯದಲ್ಲಿ ಅಜ್ಜನ ಕಾಲದ ಬಾಗಿಲುವಾಡ, ತೊಲೆ, ತೂಗುಮಂಚಗಳು ಗುಜರಿಯವನ ಪಾಲಾಗುವುದನ್ನೂ, ಅದೇ ಮನೆಯವರು ಹೊಸ ಫ್ಲ್ಯಾಟಿಗೆ ದುಬಾರಿ ಬೆಲೆ ತೆತ್ತು ಎಳೆಯ ಮರ ತರುವುದನ್ನೂ ನೋಡಿದ ಮೇಲೆ ಈ ಮರದ ಗುಣವನ್ನು ಸ್ವಲ್ಪ ವಿವರವಾಗಿ ತಿಳಿಸುವುದು ಉಚಿತವೆಂದು ನಮಗೆ ತೋರಿತು.

ತೇಗವು ಸಹಜವಾಗಿ ಬೆಳೆಯುವುದು ಭಾರತ, ಮ್ಯಾನ್ಮಾರ್, ಥಾಯ್ಲೆಂಡ್ ಮತ್ತು ಲಾವೋಸ್‌ಗಳಲ್ಲಿ ಮಾತ್ರ. ಬೇಸಿಗೆಯಲ್ಲಿ ಎಲೆಯುದುರಿಸುವ ಈ ಮರದ ಎಳೆಯ ಎಲೆಯನ್ನು ಅಂಗೈಯಲ್ಲಿ ಉಜ್ಜಿದರೆ ಕೆಂಪು ಬಣ್ಣ ಹತ್ತುತ್ತದೆ. ಆದರೆ ಬಡಗಿಗೆ ಬೇಕಾದುದು ಒಳಗಿನ ಕೆಚ್ಚು. ನಾವು ಧೀರರನ್ನು ‘ಕೆಚ್ಚೆದೆಯವರು’ ಎನ್ನುವುದು ಈ ಕೆಚ್ಚಿನಿಂದಲೇ. ಹೊರಗಿನ ಬಿಳಿ ಭಾಗಕ್ಕೆ ಗೆದ್ದಲು ಹತ್ತುತ್ತದೆ. ಹೊಂಬಣ್ಣದ ಕೆಚ್ಚಿಗೆ ಸುಲಭವಾಗಿ ಹತ್ತದು. ಕೆಚ್ಚಿನಲ್ಲಿ ಸಂಗ್ರಹವಾಗುವ ಟೆಕ್ಟೋಕ್ವಿನೋನ್ ಮೊದಲಾದ ರಾಸಾಯನಿಕಗಳು ಗೆದ್ದಲನ್ನೂ ಶಿಲೀಂಧ್ರವನ್ನೂ ದೂರವಿಡುತ್ತವೆ. ಎಣ್ಣೆಯ ಅಂಶವೂ ರಬ್ಬರಿನಂತಹ ಒಂದು ವಸ್ತುವೂ ನೀರನ್ನು ತಡೆಯುತ್ತವೆ. ಘನಮೀಟರಿಗೆ ಸುಮಾರು 650 ಕಿಲೋಗ್ರಾಂ ತೂಗುವ ಈ ಮರ ಅತಿ ಭಾರದ್ದೇನಲ್ಲ, ಅತಿ ಗಟ್ಟಿಯದೂ ಅಲ್ಲ. ಮಳೆಗಾಲದಲ್ಲಿ ಉಬ್ಬುವುದು, ಬೇಸಿಗೆಯಲ್ಲಿ ಕುಗ್ಗುವುದು ಬಹಳ ಕಡಿಮೆಯಾದ್ದರಿಂದಲೇ ಬಾಗಿಲು ಕಿಟಕಿಗಳಿಗೆ ಇದು ಶ್ರೇಷ್ಠವೆನಿಸಿತು. ಒಂದು ದೋಷವೂ ಉಂಟು: ಮರದೊಳಗಿನ ಮರಳಿನಂತಹ ಸಿಲಿಕಾ ಕಣಗಳಿಂದ ಗರಗಸ ಬೇಗ ಮೊಂಡಾಗುತ್ತದೆ.

ಬಾಳಿಕೆಯ ಪ್ರಮಾಣವನ್ನು ಕಣ್ಣಾರೆ ಕಾಣಬಯಸುವ ಮುಂಬಯಿ ಪುಣೆಗಳ ಓದುಗರು ಲೋಣಾವಳದ ಸಮೀಪದ ಕಾರ್ಲೆ ಗುಹೆಗೆ ಹೋಗಬೇಕು. ಅಲ್ಲಿಯ ಚೈತ್ಯದ ಕಮಾನಿನ ಚಾವಣಿಗೆ ಜೋಡಿಸಿರುವ ಮರದ ಪಕ್ಕೆಗಳು ಸುಮಾರು 2000 ವರ್ಷಗಳಷ್ಟು ಹಳೆಯವು. ಅವು ತೇಗದವೆಂದು ಹೇಳಲಾಗುತ್ತದೆ. ಆ ಗುಹೆಯನ್ನು ಪೂರ್ಣಗೊಳಿಸಿದವನು ವೈಜಯಂತಿಯ ಶ್ರೇಷ್ಠಿ ಭೂತಪಾಲನೆಂದು ಅಲ್ಲಿಯ ಶಾಸನ ತಿಳಿಸುತ್ತದೆ. ವೈಜಯಂತಿಯೆಂದರೆ ನಮ್ಮ ಬನವಾಸಿಯೆಂಬುದು ವಿದ್ವಾಂಸರ ಮತ. ಹೊರನಾಡ ಕನ್ನಡಿಗರು ಸಹ್ಯಾದ್ರಿಯ ಈ ಭಾಗಕ್ಕೆ ಬಂದುದು ನಿನ್ನೆ ಮೊನ್ನೆಯಲ್ಲ!

ಹಡಗುಗಳ ಕಥೆ ಇನ್ನೂ ಸ್ವಾರಸ್ಯಕರ. ಇಂಗ್ಲೆಂಡಿನ ಓಕ್ ಮರದಲ್ಲಿರುವ ಟ್ಯಾನಿನ್ ಕಬ್ಬಿಣದ ಮೊಳೆಗಳನ್ನು ತಿನ್ನುತ್ತದೆ. ತೇಗದ ಎಣ್ಣೆ ಅವನ್ನು ಕಾಪಾಡುತ್ತದೆ. ಲವಜಿ ನಸರವಾನಜಿ ವಾಡಿಯಾ 1736ರಲ್ಲಿ ಸೂರತ್ತಿನಿಂದ ಮುಂಬಯಿಗೆ ಬಂದ ಮೇಲೆ ಆ ಮನೆತನದವರು ಇಲ್ಲಿಯ ಗೋದಿಯಲ್ಲಿ ತೇಗದ ಹಡಗುಗಳನ್ನು ಕಟ್ಟುತ್ತ ಬಂದರು. ಅಫೀಮು ಯುದ್ಧವನ್ನು ಮುಗಿಸಿದ 1842ರ ನಾನ್‌ಜಿಂಗ್ ಒಪ್ಪಂದಕ್ಕೆ ಸಹಿ ಬಿದ್ದುದು ಮುಂಬಯಿಯಲ್ಲಿ 1813ರಲ್ಲಿ ನೀರಿಗಿಳಿದ ‘ಕಾರ್ನ್‌ವಾಲಿಸ್’ ಹಡಗಿನ ಮೇಲೆ. 1817ರಲ್ಲಿ ಇಲ್ಲಿಯೇ ಕಟ್ಟಿದ ‘ಟ್ರಿಂಕಾಮಲಿ’ ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ನೀರಿನ ಮೇಲೆ ತೇಲುತ್ತಿದೆ.

ಈ ಹಡಗುಗಳ ಹಸಿವಿಗೆ ಪಶ್ಚಿಮ ಘಟ್ಟದ ಕಾಡು ಬಲಿಯಾಯಿತು. 1806ರಲ್ಲಿ ಕಂಪನಿ ಸರ್ಕಾರವು ಕ್ಯಾಪ್ಟನ್ ವಾಟ್ಸನ್ ಎಂಬವನನ್ನು ಅರಣ್ಯ ಸಂರಕ್ಷಕನನ್ನಾಗಿ ನೇಮಿಸಿತಾದರೂ, ಅವನ ಕೆಲಸ ಕಾಡಿನ ರಕ್ಷಣೆಗಿಂತ ಮರ ಪೂರೈಕೆಯೇ ಆಗಿತ್ತು. ಮರ ಮುಗಿಯುತ್ತ ಬಂದಾಗ ಮಲಬಾರಿನ ಕಲೆಕ್ಟರ್ ಕೊನೊಲಿ 1840ರ ದಶಕದಲ್ಲಿ ನಿಲಂಬೂರಿನಲ್ಲಿ ತೇಗ ನೆಡಿಸಿದನು. ಮೊದಮೊದಲು ಬೀಜ ಮೊಳೆಯಲೇ ಇಲ್ಲ. ಕೊನೆಗೆ ಚಾತು ಮೆನನ್ ಎಂಬ ಸ್ಥಳೀಯ ಅಧಿಕಾರಿಯ ಶ್ರಮದಿಂದ ತೋಟ ಎದ್ದಿತು. ನಮ್ಮ ಉತ್ತರ ಕನ್ನಡವು 1862ರಿಂದ 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ದಾಂಡೇಲಿ, ಹಳಿಯಾಳ, ಯಲ್ಲಾಪುರಗಳ ತೇಗದ ಹೆಸರು ಮರದ ವ್ಯಾಪಾರಿಗಳಿಗೆ ಇಂದಿಗೂ ಚಿರಪರಿಚಿತ.

ತೇಗಕ್ಕೆ ವಯಸ್ಸಾಗಬೇಕು. ಸರ್ಕಾರಿ ನೆಡುತೋಪುಗಳಲ್ಲಿ 60–80 ವರ್ಷ ಕಾದು ಕಡಿಯುವುದು ರೂಢಿ. 20–25 ವರ್ಷದ ಮರದಲ್ಲಿ ಕೆಚ್ಚು ಕಡಿಮೆ, ಬಿಳಿ ಭಾಗ ಹೆಚ್ಚು. ಈ ಒಂದು ಸಂಗತಿ ತಿಳಿದಿದ್ದರೆ 1990ರ ದಶಕದಲ್ಲಿ ಅನೇಕರ ಹಣ ಉಳಿಯುತ್ತಿತ್ತು. ಇಂದು ಕೆಲವು ಸಾವಿರ ಕೊಟ್ಟರೆ 20 ವರ್ಷಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆಂದು ತೇಗದ ತೋಟದ ಕಂಪನಿಗಳು ಆಗ ಜಾಹೀರಾತು ನೀಡುತ್ತಿದ್ದವು. ಠೇವಣಿಯನ್ನು ಅವಧಿಗೆ ಮುನ್ನವೇ ಮುರಿಸಿ ಅಲ್ಲಿ ಹಾಕಿದ ನಿವೃತ್ತರನ್ನು ನಾವು ಬ್ಯಾಂಕಿನ ಕೌಂಟರಿನ ಈಚೆಯಿಂದ ಕಂಡಿದ್ದೇವೆ. ಸೆಬಿ ಸಂಸ್ಥೆಯು ಇಂತಹ ಸಾಮೂಹಿಕ ಹೂಡಿಕೆ ಯೋಜನೆಗಳಿಗೆ ನಿಯಮಾವಳಿ ತಂದುದು 1999ರಲ್ಲಿ. ಅಷ್ಟರಲ್ಲಿ ಹಲವು ಕಂಪನಿಗಳು ಬಾಗಿಲು ಹಾಕಿಯಾಗಿತ್ತು.

ಇನ್ನು ಅಂಗಡಿಯ ವಿಚಾರ. ಮ್ಯಾನ್ಮಾರ್ ದೇಶವು 2014ರ ಏಪ್ರಿಲ್‌ನಿಂದ ಇಡೀ ದಿಮ್ಮಿಗಳ ರಫ್ತನ್ನು ನಿಷೇಧಿಸಿತು. ಘಾನಾ, ಇಕ್ವೆಡಾರ್, ಕೋಸ್ಟರಿಕಾ, ಪನಾಮಾಗಳ ನೆಡುತೋಪುಗಳ ಮರ ಹೇರಳವಾಗಿ ಬರುತ್ತಿದೆ. ಆದ್ದರಿಂದ ‘ಬರ್ಮಾ ಟೀಕ್’ ಎಂಬ ಮಾತನ್ನು ಕೇಳಿದೊಡನೆ ನಂಬಬೇಕಾಗಿಲ್ಲ. ಪಾಲಿಷ್ ಹಚ್ಚುವ ಮೊದಲೇ ಹಲಗೆಯನ್ನು ನೋಡಿ. ತುದಿಯಲ್ಲಿ ಬಿಳಿ ಅಂಚು ಎಷ್ಟಿದೆಯೆಂದು ಗಮನಿಸಿ. ಆ ಭಾಗವನ್ನು ಬಿಟ್ಟು ಅಳೆಯುವಂತೆ ಚೌಕಾಶಿ ಮಾಡಿ. ಹೊಸದಾಗಿ ಕೊಯ್ದ ಕೆಚ್ಚನ್ನು ಮುಟ್ಟಿದರೆ ಸ್ವಲ್ಪ ಜಿಡ್ಡು, ಮೂಸಿದರೆ ಹಳೆಯ ಚರ್ಮದಂತಹ ವಾಸನೆ ಇರಬೇಕು.

ಮನೆಯಲ್ಲಿ ಹಳೆಯ ತೊಲೆಯೋ ಬಾಗಿಲುವಾಡವೋ ಇದ್ದರೆ ಮಾರುವ ಮುನ್ನ ಪರಿಚಯದ ಬಡಗಿಗೆ ತೋರಿಸಿರಿ. ಮೇಲಿನ ಕಪ್ಪು ಪದರವನ್ನು ಕೀಸಿದರೆ ಒಳಗೆ ಹೊಂಬಣ್ಣ ಹಾಗೆಯೇ ಇರುತ್ತದೆ. ಅದನ್ನು ಸೀಳಿಸಿ ಹೊಸ ಮನೆಯ ಮುಂಬಾಗಿಲು ಅಥವಾ ದೇವರ ಮಂಟಪ ಮಾಡಿಸಬಹುದು. ಗರಗಸಕ್ಕೆ ಕೊಡುವ ಮೊದಲು ಹಳೆಯ ಮೊಳೆಗಳನ್ನು ಒಂದೂ ಬಿಡದೆ ಕೀಳಿಸಬೇಕು. ಅಂಟು ಹಚ್ಚುವ ಮುನ್ನ ಜಿಡ್ಡು ಹೋಗುವಂತೆ ಥಿನ್ನರ್‌ನಿಂದ ಒರೆಸಬೇಕು. ಇದರ ಪುಡಿಯಿಂದ ಕೆಲವರಿಗೆ ಮೈ ತುರಿಸುವುದುಂಟು. ಆದ್ದರಿಂದ ಕೀಸುವ ಕೆಲಸವನ್ನು ಮನೆಯೊಳಗೆ ಇಟ್ಟುಕೊಳ್ಳದಿರುವುದು ಒಳ್ಳೆಯದು.